ಬಣ್ಣಕ್ಕೆ ಪರೀಕ್ಷೆ ಆಯ್ತು, ಹಚ್ಚೆ ಹಾಕುವ ಕೈಗೆ ಯಾವಾಗ?

2025ರ ಆರಂಭದಲ್ಲಿ ಟ್ಯಾಟೂ ಬಣ್ಣದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಬಣ್ಣದ ಮಾದರಿಗಳಲ್ಲಿ 22 ಬಗೆಯ ಲೋಹ ಸಿಕ್ಕಿವೆ, ಇದಕ್ಕೊಂದು ಮಾನದಂಡ ಬೇಕು, ಕೇಂದ್ರಕ್ಕೆ ಬರೆಯುತ್ತೇವೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಟಿವಿಯವರು ಚರ್ಮದ ಡಾಕ್ಟರನ್ನು ಕೂರಿಸಿ ಅರ್ಧ ಗಂಟೆ ಮಾತಾಡಿಸಿದರು. ಸರಿಯಾದ ಕೆಲಸವೇ. ಮೈಗೆ ಸೇರುವ ಬಣ್ಣದಲ್ಲಿ ಏನಿದೆ ಅಂತ ಹಾಕಿಸಿಕೊಳ್ಳುವವರಿಗೆ ಗೊತ್ತಾಗಲೇಬೇಕು.

ಆದರೆ ಅಷ್ಟೂ ಮಾತಿನಲ್ಲಿ ಹಾಕಿಸಿಕೊಳ್ಳುವವರ ಮೈ ಇತ್ತೇ ಹೊರತು ಹಾಕುವವರ ಕೈ ಎಲ್ಲೂ ಬರಲಿಲ್ಲ. ಒಬ್ಬ ಗಿರಾಕಿ ಜೀವನದಲ್ಲಿ ಒಂದೋ ಎರಡೋ ಸಲ, ಒಂದೆರಡು ಗಂಟೆ ಆ ಮಷಿನ್ನಿನ ಕೆಳಗೆ ಕೂರುತ್ತಾನೆ. ಹಾಕುವವನು ಅದೇ ಮಷಿನ್ನನ್ನು ದಿನಕ್ಕೆ ಆರೆಂಟು ಗಂಟೆಯಂತೆ ವರ್ಷಗಟ್ಟಲೆ ಹಿಡಿದಿರುತ್ತಾನೆ. ನಿಮಿಷಕ್ಕೆ ಸಾವಿರಾರು ಸಲ ಕುಟ್ಟುವ ಸೂಜಿಯ ಒಂದು ತುದಿ ಗಿರಾಕಿಯ ತೋಳಿನ ಮೇಲಿದ್ದರೆ, ಇನ್ನೊಂದು ತುದಿ ಇವನ ಮೂರು ಬೆರಳಿನ ನಡುವೆ ಇರುತ್ತದೆ. ಆ ಅದುರಿನಿಂದ ಬೆರಳಿನ ನರಕ್ಕೆ ಏನಾಗುತ್ತದೆ ಎಂದು ಈ ರಾಜ್ಯದ ಆರೋಗ್ಯ ಇಲಾಖೆಯಾಗಲಿ ಕಾರ್ಮಿಕ ಇಲಾಖೆಯಾಗಲಿ ಕೇಳಿದ್ದು ನಮಗಂತೂ ಕಾಣಲಿಲ್ಲ. ನಮ್ಮ ತಕರಾರು ಅದರ ಬಗ್ಗೆಯೇ.

ಟ್ಯಾಟೂ ಅಂದ ಕೂಡಲೇ ಬೆಂಗಳೂರಿನ ಎ.ಸಿ. ಸ್ಟುಡಿಯೊ ಕಣ್ಣಮುಂದೆ ಬರುವವರು ಒಮ್ಮೆ ನಮ್ಮ ಕಡೆಯ ಜಾತ್ರೆಗೆ ಬರಬೇಕು. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ, ಅದಾಗಿ ಎರಡು ಮೂರು ದಿನಕ್ಕೆ ಕೊಪ್ಪಳದ ಗವಿಮಠ, ಭಾರತ ಹುಣ್ಣಿಮೆ ಹೊತ್ತಿಗೆ ಮೈಲಾರ, ಆಮೇಲೆ ಕೊಟ್ಟೂರು. ಬೆಂಡು ಬತ್ತಾಸಿನ ಸಾಲು, ಬಳೆ ಅಂಗಡಿ ಸಾಲು ದಾಟಿದರೆ ಒಂದು ತಾಡಪತ್ರಿ ಹಾಸಿಕೊಂಡು, ಹೂವು, ಚೇಳು, ತ್ರಿಶೂಲ, 'ಅವ್ವ' ಎಂಬ ಅಕ್ಷರ ಎಲ್ಲ ಇರುವ ಒಂದು ಫಲಕ ನಿಲ್ಲಿಸಿಕೊಂಡು ಕೂತವರು ಸಿಗುತ್ತಾರೆ. ಪಕ್ಕದಲ್ಲಿ ಒಂದು ಬ್ಯಾಟರಿ. ಹಿಂದೆ ಕೊರಮ, ಕೊರಚ ಸಮುದಾಯದ ಹೆಣ್ಣುಮಕ್ಕಳು ಸೂಜಿ ಹಿಡಿದು ಮನೆಮನೆಗೆ ಬಂದು ಹಚ್ಚೆ ಹಾಕುತ್ತಿದ್ದರು. ಆ ಕೆಲಸದಲ್ಲೂ ಕಣ್ಣು, ಬೆನ್ನು ಸವೆಯುತ್ತಿದ್ದವು, ಆದರೆ ಸೂಜಿ ಕೈ ಹೇಳಿದಷ್ಟು ಕುಣಿಯುತ್ತಿತ್ತು. ಮಷಿನ್ ಬಂದ ಮೇಲೆ ಕೈಯೇ ಮಷಿನ್ ಹೇಳಿದಷ್ಟು ಕುಣಿಯಬೇಕಾಗಿದೆ.

ಈ ಮಷಿನ್ನಿನ ಹುಟ್ಟು ಸ್ವಾರಸ್ಯದ್ದು. ಕಾಗದದಲ್ಲಿ ತೂತು ಕೊರೆದು ನಕಲು ತೆಗೆಯಲೆಂದು ಎಡಿಸನ್ ಮಾಡಿದ ವಿದ್ಯುತ್ ಪೆನ್ನಿಗೆ 1876ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ಬಗೆಯ ಸಲಕರಣೆಯನ್ನು ಚರ್ಮಕ್ಕೆ ಒಗ್ಗಿಸಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಟ್ಯಾಟೂ ಮಷಿನ್ನಿಗೆ ಪೇಟೆಂಟ್ ಪಡೆದ. ಆಮೇಲೆ ಬಂದ ಕಾಯಿಲ್ ಮಷಿನ್ ಕೆಲಸ ಮಾಡುವುದು ಹಳೆಯ ಕರೆಗಂಟೆಯ ತತ್ವದಲ್ಲಿ. ಎರಡು ತಂತಿ ಸುರುಳಿ, ಮೇಲೊಂದು ಕಬ್ಬಿಣದ ಪಟ್ಟಿ, ಒಂದು ಸ್ಪ್ರಿಂಗು. ಕರೆಂಟು ಹರಿದಾಗ ಸುರುಳಿ ಪಟ್ಟಿಯನ್ನು ಎಳೆಯುತ್ತದೆ, ಎಳೆದ ಕೂಡಲೇ ಸಂಪರ್ಕ ಕಡಿಯುತ್ತದೆ, ಸ್ಪ್ರಿಂಗು ಪಟ್ಟಿಯನ್ನು ವಾಪಸ್ ಎತ್ತುತ್ತದೆ. ಗಂಟೆಯಲ್ಲಿ ಬಡಿಯುವ ಕೋಲು ಇರುವ ಕಡೆ ಇಲ್ಲಿ ಸೂಜಿ. ಕರೆಗಂಟೆಯನ್ನು ಗೋಡೆಗೆ ಹೊಡೆಯುತ್ತಾರೆ, ಅದರ ಅದುರು ಗೋಡೆಗೆ ಹೋಗುತ್ತದೆ. ಇಲ್ಲಿ ಗೋಡೆಯ ಜಾಗದಲ್ಲಿರುವುದು ಮನುಷ್ಯನ ಮುಂಗೈ.

ಅದುರಿನಿಂದ ಕೈ ಕೆಡುತ್ತದೆ ಅನ್ನುವುದು ಹೊಸ ಮಾತಲ್ಲ. ಇಟಲಿಯ ಲೊರಿಗಾ 1911ರಲ್ಲೇ ಗಾಳಿಯಂತ್ರ ಹಿಡಿಯುವ ಕೆಲಸಗಾರರ ಬೆರಳಿನ ಬಗ್ಗೆ ಬರೆದಿದ್ದರು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್ ಎಂಬ ಊರಿನ ಸುಣ್ಣಕಲ್ಲು ಕೆತ್ತುವವರ ಕೈ ನೋಡಿದರು. ಗಾಳಿಸುತ್ತಿಗೆ ಹಿಡಿದ ಆ ಜನರ ಬೆರಳು ಚಳಿಯಲ್ಲಿ ಹೆಣದ ಬೆರಳಿನಂತೆ ಬೆಳ್ಳಗಾಗುತ್ತಿದ್ದವು, ಮರಗಟ್ಟುತ್ತಿದ್ದವು. ನೂರು ವರ್ಷ ದಾಟಿದ ವಿಷಯ. ಬ್ರಿಟನ್ನಿನಲ್ಲಿ 1985ರಲ್ಲಿ ಇದನ್ನು ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. 1990ರ ದಶಕದಲ್ಲಿ ಅಲ್ಲಿನ ಗಣಿ ಕಾರ್ಮಿಕರು ಬ್ರಿಟಿಷ್ ಕೋಲ್ ವಿರುದ್ಧ ಕೋರ್ಟಿನಲ್ಲಿ ಗೆದ್ದು ಪರಿಹಾರ ಪಡೆದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದ ಆಕ್ಷೇಪವೇ: ಬಂಡೆ ಕೊರೆಯುವ ಯಂತ್ರ ಎಲ್ಲಿ, ಅಂಗೈಯಷ್ಟಿರುವ ಟ್ಯಾಟೂ ಮಷಿನ್ ಎಲ್ಲಿ? ನಿಜ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಟ್ಯಾಟೂ ಮಷಿನ್ನಿನ ಏಟು ಸಣ್ಣದು. ಆದರೆ ಕೈಗೆ ಬೀಳುವ ಲೆಕ್ಕದಲ್ಲಿ ಏಟಿನ ಜೋರಿನ ಜೊತೆ ಹೊತ್ತೂ ಸೇರುತ್ತದೆ. ಯುರೋಪಿನ 2002ರ ಕಂಪನ ನಿರ್ದೇಶನ ಇದನ್ನು ಎಂಟು ಗಂಟೆಯ ದಿನಕ್ಕೆ ಹರಡಿ ಲೆಕ್ಕ ಹಾಕುತ್ತದೆ. ಆ ಸರಾಸರಿ ಸೆಕೆಂಡ್ ವರ್ಗಕ್ಕೆ 2.5 ಮೀಟರ್ ತಲುಪಿದರೆ ಮಾಲೀಕ ಕ್ರಮ ತೆಗೆದುಕೊಳ್ಳಬೇಕು, 5 ಮೀಟರ್ ದಾಟಲೇಕೂಡದು. ಆ ಸೂತ್ರದ ಪ್ರಕಾರ 5 ಮೀಟರಿನ ಯಂತ್ರವನ್ನು ಎರಡು ಗಂಟೆ ಹಿಡಿದರೂ ಒಂದೇ, ಅದರ ಅರ್ಧದಷ್ಟು ಅದುರುವ ಯಂತ್ರವನ್ನು ಎಂಟು ಗಂಟೆ ಹಿಡಿದರೂ ಒಂದೇ. ಸಣ್ಣ ಯಂತ್ರ ಎಂದು ಯಾರೂ ದಿನವಿಡೀ ನಿಶ್ಚಿಂತೆಯಿಂದ ಹಿಡಿಯುವಂತಿಲ್ಲ. ಹಲ್ಲಿನ ಡಾಕ್ಟರ ಕೈಯಲ್ಲಿರುವುದೂ ಸಣ್ಣ ಸಲಕರಣೆಯೇ. ಹಲ್ಲಿನ ಚಿಕಿತ್ಸೆ ಮಾಡುವವರ ಬೆರಳಲ್ಲಿ ಸ್ಪರ್ಶ ಕುಂದುವುದನ್ನು ಹೊರದೇಶಗಳಲ್ಲಿ ಅಧ್ಯಯನ ಮಾಡಿ ದಾಖಲಿಸಿದ್ದಾರೆ.

ಇನ್ನು ಹಿಡಿತದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ತೊಂದರೆಯ ಬೇರು ಇಲ್ಲಿದೆ. ಅದುರುವ ವಸ್ತುವನ್ನು ಹಿಡಿದಾಗ ಬೆರಳ ತುದಿಯ ಸ್ಪರ್ಶಜ್ಞಾನ ಆ ಹೊತ್ತಿಗೆ ಮಂಕಾಗುತ್ತದೆ. ಎಷ್ಟು ಬಿಗಿ ಹಿಡಿದಿದ್ದೇವೆ ಎಂದು ಕೈಗೇ ಗೊತ್ತಾಗುವುದಿಲ್ಲ. ಜೊತೆಗೆ ಅದುರು ಸ್ನಾಯುವನ್ನು ತಾನಾಗಿ ಬಿಗಿಯುವಂತೆ ಮಾಡುತ್ತದೆ. ಹೀಗಾಗಿ ಹಾಕುವವನು ಅರಿವಿಲ್ಲದೆ ಇನ್ನಷ್ಟು ಗಟ್ಟಿ ಹಿಡಿಯುತ್ತಾನೆ, ಗಟ್ಟಿ ಹಿಡಿದಷ್ಟೂ ಅದುರು ಕೈಯೊಳಗೆ ಹೆಚ್ಚು ಇಳಿಯುತ್ತದೆ. ಮಣಿಕಟ್ಟು ಗಂಟೆಗಟ್ಟಲೆ ಬಾಗಿಯೇ ಇರುತ್ತದೆ. ಮಣಿಕಟ್ಟಿನಲ್ಲಿ ಮೂಳೆ ಮತ್ತು ಪಟ್ಟಿಯ ನಡುವೆ ಒಂದು ಇಕ್ಕಟ್ಟಿನ ದಾರಿಯಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುವ ಮೀಡಿಯನ್ ನರ ಹೋಗುವುದು ಅಲ್ಲಿಂದಲೇ. ಸುತ್ತಲಿನ ಸ್ನಾಯುರಜ್ಜುಗಳು ಊದಿದರೆ ಆ ನರ ಒತ್ತಿಹೋಗುತ್ತದೆ. ಇದು ಕಾರ್ಪಲ್ ಟನಲ್ ತೊಂದರೆ. ಇದರ ಜೊತೆಗೆ ಅದುರು ಬೆರಳೊಳಗಿನ ಸಣ್ಣ ನರಗಳನ್ನೂ ಅವುಗಳ ಹೊದಿಕೆಯನ್ನೂ ನೇರವಾಗಿ ಹಾಳುಮಾಡುತ್ತದೆ. ಮಣಿಕಟ್ಟಿನ ಪಟ್ಟಿ ಕತ್ತರಿಸಿ ಆಪರೇಷನ್ ಮಾಡಿದರೆ ಒತ್ತಿಹೋದ ನರಕ್ಕೆ ದಾರಿ ಸಿಗುತ್ತದೆ, ಬೆರಳೊಳಗೆ ಕೆಟ್ಟಿದ್ದು ಹಾಗೇ ಉಳಿಯುತ್ತದೆ. ಆಪರೇಷನ್ ಆದಮೇಲೂ 'ಇನ್ನೂ ಜೋಮು ಐತ್ರಿ' ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಮಷಿನ್ ಹಿಡಿಯದ ಕೈಗೂ ಬಿಡುವಿಲ್ಲ. ಚರ್ಮ ಸಡಿಲವಿದ್ದರೆ ಗೆರೆ ಒಡೆಯುತ್ತದೆ, ಆದ್ದರಿಂದ ಎಡಗೈ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಇಡೀ ಹೊತ್ತು ಎಳೆದು ಹಿಡಿಯಬೇಕು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಕೆಲಸದಲ್ಲಿದ್ದ 10 ಜನ ಟ್ಯಾಟೂ ಕಲಾವಿದರ ಮೈಗೆ ಸಂವೇದಕ ಅಂಟಿಸಿ ಸ್ನಾಯುಗಳ ಶ್ರಮ ಅಳೆದರು. 2017ರಲ್ಲಿ ಅದು ಪ್ರಕಟವಾಯಿತು. ಭುಜದ ಮೇಲ್ಭಾಗದ ಸ್ನಾಯುಗಳಿಗೆ ತಡೆಯಲಾಗದಷ್ಟು ದುಡಿತ ಎಂದು ಅದು ತೋರಿಸಿತು. ಅಲ್ಲಿ ಹತ್ತು ಜನರದ್ದಾದರೂ ಅಳೆದರು.

ನಮ್ಮಲ್ಲಿ ಅಳೆಯುವುದಿರಲಿ, ಕೇಳುವವರೂ ಇಲ್ಲ. ಜಾತ್ರೆಯಿಂದ ಜಾತ್ರೆಗೆ ತಿರುಗುವ ಒಬ್ಬರು, ಹದಿನೈದು ವರ್ಷದಿಂದ ಮಷಿನ್ ಹಿಡಿದವರು, ನಮ್ಮ ಜೊತೆ ಮಾತಾಡುತ್ತಾ ಬಲಗೈಯನ್ನು ಥರ್ಮಾಮೀಟರ್ ಝಾಡಿಸುವಂತೆ ಝಾಡಿಸಿ ತೋರಿಸಿದರು. "ರಾತ್ರಿ ಮಲಗಿದ್ರ ಕೈಯಾಗ ಇರಿವಿ ಹರದಂಗ ಆಗತೈತ್ರಿ ಅಣ್ಣಾರ. ಎದ್ದು ಹಿಂಗ ಝಾಡಿಸಿದ್ರ ಒಂದೀಟು ಕಡಿಮಿ ಆಕ್ಕೈತಿ. ಮುಂಜಾನಿ ಅಂಗಿ ಗುಂಡಿ ಹಾಕಾಕ ಹೆಂಡತಿನ ಕರೀಬೇಕು ನೋಡ್ರಿ." ರಾತ್ರಿ ಎಚ್ಚರವಾಗಿ ಕೈ ಝಾಡಿಸುವುದು ಮೀಡಿಯನ್ ನರ ಒತ್ತಿಹೋದುದರ ಗುರುತು ಎಂದು ವೈದ್ಯಕೀಯ ಪುಸ್ತಕದಲ್ಲಿದೆ. ಅವರು ತಾಲೂಕು ಆಸ್ಪತ್ರೆಯೊಂದಕ್ಕೆ ಹೋಗಿದ್ದರು. ಶುಗರ್ ನೋಡಿದರಂತೆ, ಇರಲಿಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆ, ನೋವಿನ ಮುಲಾಮು ಬರೆದುಕೊಟ್ಟರಂತೆ. ಚೀಟಿ ನಾವೂ ನೋಡಿದೆವು. ಹೆಸರು, ವಯಸ್ಸು, ಗಂಡು ಎಂದಿದೆ. ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ. ಹಚ್ಚೆ ಹಾಕುವುದಕ್ಕೂ ಕೈ ಜೋಮಿಗೂ ಸಂಬಂಧ ಇರಬಹುದು ಎಂದು ಅವರಿಗೆ ಹೊಳೆದಿರಲೂ ಇಲ್ಲ. 'ವಾಯು' ಅಂದುಕೊಂಡಿದ್ದರು.

ಜಿಲ್ಲಾ ಕೇಂದ್ರದ ಬಸ್ ಸ್ಟ್ಯಾಂಡ್ ಎದುರಿನ ಕಾಂಪ್ಲೆಕ್ಸಿನಲ್ಲಿ ಟ್ಯಾಟೂ ಅಂಗಡಿ ಇಟ್ಟಿರುವ ಹುಡುಗನದು ಬೇರೆ ಕತೆ. ಇಪ್ಪತ್ತಾರು ವರ್ಷ. ಯೂಟ್ಯೂಬ್ ನೋಡಿ ಕಲಿತವನು. ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಕಿಟ್ಟಿನಲ್ಲಿ ಶುರುಮಾಡಿದ್ದಾನೆ. ಅದರ ಡಬ್ಬಿ ತಿರುಗಿಸಿ ನೋಡಿದೆವು. ವೋಲ್ಟೇಜ್ ಇದೆ, ತೂಕ ಇದೆ, ಸೂಜಿ ಎಷ್ಟು ಅಂತ ಇದೆ. ಎಷ್ಟು ಅದುರುತ್ತದೆ, ಎಷ್ಟು ಹೊತ್ತು ಹಿಡಿಯಬಹುದು ಅಂತ ಒಂದಕ್ಷರ ಇಲ್ಲ. ಯುರೋಪಿನಲ್ಲಿ ಕೈಯಲ್ಲಿ ಹಿಡಿಯುವ ಗ್ರೈಂಡರ್, ಡ್ರಿಲ್ ಮಾರುವವರು ಕಂಪನದ ಅಂಕಿಯನ್ನು ಕೈಪಿಡಿಯಲ್ಲಿ ಬರೆಯಲೇಬೇಕು. ಇಲ್ಲಿ ಬಿಸ್ಕತ್ ಪ್ಯಾಕೆಟ್ಟಿನ ಮೇಲೆ ಸಕ್ಕರೆ ಎಷ್ಟು ಎಂದು ಬರೆಸುತ್ತೇವೆ, ಇದನ್ನು ಬರೆಸುವುದು ಯಾರ ತಲೆಗೂ ಬಂದಿಲ್ಲ. ಆ ಹುಡುಗನಿಗೆ ಈಗಲೇ ಚಳಿಗಾಲದ ಬೆಳಿಗ್ಗೆ ಬೈಕ್ ಓಡಿಸಿದರೆ ಎರಡು ಬೆರಳ ತುದಿ ಬಿಳುಚಿಕೊಳ್ಳುತ್ತವೆ. ಅವನು ಅದನ್ನು ಹೇಳಿದ್ದು ನಗುತ್ತಾ. ನಮಗೆ ನಗು ಬರಲಿಲ್ಲ.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ 29 ಕಾಯಿಲೆಗಳ ಪಟ್ಟಿಯಿತ್ತು. ಸೀಸದ ವಿಷ ಇದೆ, ಸಿಲಿಕೋಸಿಸ್ ಇದೆ, ಶಬ್ದದಿಂದ ಕಿವುಡಾಗುವುದೂ ಇದೆ. ಅದುರಿನಿಂದ ಕೈ ಕೆಡುವುದು ಇಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಐದು ವರ್ಷ ಕುಳಿತು ಯೋಚಿಸಲು ಸಮಯವಿತ್ತು. ಪಟ್ಟಿಯಲ್ಲಿ ಮತ್ತೆ 29 ಕಾಯಿಲೆ, ಮತ್ತೆ ಅದೇ ಕಾಯಿಲೆ ಬಿಟ್ಟುಹೋಗಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಪಟ್ಟಿಯಲ್ಲಿ ಕಂಪನದಿಂದ ಬರುವ ಕಾಯಿಲೆಗಳೂ ಇವೆ, ಕಂಪನದ ಕೆಲಸದಿಂದ ಬರುವ ಕಾರ್ಪಲ್ ಟನಲ್ ಪ್ರತ್ಯೇಕವಾಗಿ ಹೆಸರಿಸಿಯೇ ಇದೆ. ಕಣ್ಣೆದುರಿಗಿದ್ದ ಪಟ್ಟಿಯಿಂದ ಎರಡು ಸಾಲು ಎತ್ತಿಕೊಳ್ಳಲು ನಮ್ಮವರಿಗೆ ಆಗಲಿಲ್ಲ. ಇದು ಹಚ್ಚೆಯವರೊಬ್ಬರ ಪ್ರಶ್ನೆಯೂ ಅಲ್ಲ. ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಡ್ರಿಲ್ ಹಿಡಿದವನು, ಶಿವಾರಪಟ್ಟಣದಲ್ಲಿ ಗ್ರೈಂಡರ್ ಹಿಡಿದು ಮೂರ್ತಿ ತೀಡುವ ಶಿಲ್ಪಿ, ಎಲ್ಲರೂ ಆ ಪಟ್ಟಿಯ ಹೊರಗೇ ನಿಂತಿದ್ದಾರೆ.

ಪಟ್ಟಿಗೆ ಸೇರಿಸಿದರೂ ಹಚ್ಚೆಯವರಿಗೆ ಅದು ಮುಟ್ಟುವುದಿಲ್ಲ ಅನ್ನುವವರಿದ್ದಾರೆ. ಅವರಿಗೆ ಮಾಲೀಕನಿಲ್ಲ. ಅಂಗಡಿಯಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು. ಇ.ಎಸ್.ಐ. ಕಡ್ಡಾಯವಾಗಲು ಸಾಮಾನ್ಯವಾಗಿ ಹತ್ತು ಜನ ನೌಕರರಾದರೂ ಬೇಕು. 2023ರಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮದಲ್ಲಿ 18 ಕಸುಬುಗಳಿವೆ. ಕ್ಷೌರಿಕರು, ದರ್ಜಿಗಳು, ಹೂ ಕಟ್ಟುವವರು, ಬಲೆ ಹೆಣೆಯುವವರು ಇದ್ದಾರೆ, ಕಲ್ಲು ಕೆತ್ತುವವರೂ ಇದ್ದಾರೆ. ತಲೆತಲಾಂತರದಿಂದ ಈ ನೆಲದ ಹೆಣ್ಣುಮಕ್ಕಳ ಮುಂಗೈ ಮೇಲೆ ಹೂಬಳ್ಳಿ ಬರೆದವರು ಇಲ್ಲ. ಮಾಲೀಕನಿಲ್ಲದವನಿಗೆ ಕಾನೂನು ಮುಟ್ಟುವುದಿಲ್ಲ ಅಂತಾದರೆ ಮುಟ್ಟುವ ಹಾಗೆ ಬರೆಯುವುದು ಸರ್ಕಾರದ ಕೆಲಸ. ಅಲ್ಲದೆ ಕಾಯಿಲೆಗೆ ಪಟ್ಟಿಯಲ್ಲಿ ಹೆಸರು ಬಂದರೆ ಮೆಡಿಕಲ್ ಕಾಲೇಜಿನಲ್ಲಿ ಕಲಿಸುತ್ತಾರೆ, ಕಲಿತ ಡಾಕ್ಟರು ಚೀಟಿ ಬರೆಯುವ ಮುಂಚೆ ಕೆಲಸ ಯಾವುದು ಎಂದು ಕೇಳುತ್ತಾರೆ.

'ಯಾರು ಇವರಿಗೆ ಈ ಕೆಲಸ ಮಾಡು ಅಂದರು?' ಎಂಬ ಮಾತನ್ನೂ ಕೇಳಿದ್ದೇವೆ. ಆರೋಗ್ಯ ಇಲಾಖೆಯ ಒಬ್ಬರ ಬಾಯಿಂದಲೇ. ಈ ಮಾತಿಗೆ ಉತ್ತರ ಕೊಡುವುದೇ ದಂಡ, ಆದರೂ ಒಂದು ಪ್ರಶ್ನೆ ಇದೆ. ಬಣ್ಣದ ವಿಷಯ ಬಂದಾಗ 'ಯಾರು ಹಾಕಿಸಿಕೊಳ್ಳಿ ಅಂದರು' ಎಂದು ಗಿರಾಕಿಯನ್ನು ಯಾಕೆ ಕೇಳಲಿಲ್ಲ?

ನಮಗೆ ಇದರಲ್ಲಿ ಅವಸರ ಯಾಕೆಂದರೆ, ಮೊದಮೊದಲು ಬರುವ ಜುಮ್ಮೆನ್ನುವುದು, ಜೋಮು ಹಿಡಿಯುವುದು ಕೆಲಸದ ಹೊತ್ತು ಕಡಿಮೆ ಮಾಡಿದರೆ, ಸಲಕರಣೆ ಬದಲಿಸಿದರೆ ಬಹುಮಟ್ಟಿಗೆ ಹಿಂದಕ್ಕೆ ಹೋಗುತ್ತದೆ. ಸ್ಪರ್ಶ ಪೂರ್ತಿ ಕುಂದಿ, ನಾಣ್ಯಕ್ಕೂ ಗುಂಡಿಗೂ ವ್ಯತ್ಯಾಸ ಬೆರಳಿಗೆ ತಿಳಿಯದ ಹಂತ ತಲುಪಿದರೆ ಮಷಿನ್ ಕೆಳಗಿಟ್ಟರೂ ಅದು ವಾಪಸ್ ಬರುವ ಖಾತ್ರಿ ಇಲ್ಲ. ಬೆರಳಿನ ಸೂಕ್ಷ್ಮದಿಂದಲೇ ಅನ್ನ ತಿನ್ನುವವನಿಗೆ ಆಮೇಲೆ ಯಾವ ಯೋಜನೆಯ ದುಡ್ಡು ಬಂದು ಏನು?

ಇದನ್ನು ಓದುವ ಹಚ್ಚೆಯ ಗೆಳೆಯರು ಇಲಾಖೆ ಎಚ್ಚರಾಗುವವರೆಗೆ ಕಾಯಬೇಕಿಲ್ಲ. ತೆಳ್ಳನೆಯ ಕಬ್ಬಿಣದ ನಳಿಕೆ ಹಿಡಿಯುವವರು ಅದರ ಮೇಲೆ ದಪ್ಪ ಹಿಡಿ ಹಾಕಿಕೊಳ್ಳಿ, ದಪ್ಪ ಇದ್ದಷ್ಟೂ ಬಿಗಿ ಹಿಡಿಯುವ ಅಗತ್ಯ ಕಡಿಮೆ. ಸಡಿಲಾದ ಸ್ಕ್ರೂ, ಸವೆದ ಸ್ಪ್ರಿಂಗು, ಹಳೆಯ ರಬ್ಬರ್ ಬ್ಯಾಂಡು ಇದ್ದರೆ ಮಷಿನ್ ಸುಮ್ಮನೆ ಹೆಚ್ಚು ಅದುರುತ್ತದೆ, ಮೊದಲು ಅದನ್ನು ಸರಿಮಾಡಿ. ವೋಲ್ಟೇಜನ್ನು ಬೇಕಾದ್ದಕ್ಕಿಂತ ಏರಿಸಬೇಡಿ. ಅರ್ಧ ಗಂಟೆಗೊಮ್ಮೆ ಮಷಿನ್ ಇಟ್ಟು ಕೈ ಬಿಡಿಸಿ, ಗಿರಾಕಿ ಐದು ನಿಮಿಷ ಕಾದರೆ ಏನೂ ಆಗುವುದಿಲ್ಲ. ಚಳಿಯಲ್ಲಿ ಕೈ ಬೆಚ್ಚಗಿಡಿ. ಬೀಡಿ ಸಿಗರೇಟು ಬೆರಳಿನ ರಕ್ತನಾಳವನ್ನು ಇನ್ನಷ್ಟು ಬಿಗಿಯುತ್ತದೆ. ಅದುರು ತಡೆಯುತ್ತದೆ ಎಂದು ಮಾರುವ ದಪ್ಪ ಗ್ಲೌಸಿಗೆ ದುಡ್ಡು ಹಾಕಬೇಡಿ, ಅದರ ಪ್ರಯೋಜನ ನೆಚ್ಚುವಂಥದ್ದಲ್ಲ, ಹಾಕಿಕೊಂಡು ಗೆರೆ ಎಳೆಯಲೂ ಆಗುವುದಿಲ್ಲ. ದುಡ್ಡು ಕೂಡಿಬಂದರೆ ಹಗುರದ ರೋಟರಿ ಅಥವಾ ಪೆನ್ ಮಷಿನ್ನಿಗೆ ಹೋಗಿ. ಡಾಕ್ಟರ ಹತ್ತಿರ ಹೋದರೆ ಅವರು ಕೇಳದಿದ್ದರೂ ನೀವೇ ಹೇಳಿ: ಹಚ್ಚೆ ಮಷಿನ್ ಹಿಡಿಯುವ ಕೆಲಸ, ಇಷ್ಟು ವರ್ಷ, ದಿನಕ್ಕೆ ಇಷ್ಟು ಗಂಟೆ. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನರ ಎಷ್ಟು ಕೆಟ್ಟಿದೆ ಎಂದು ನೋಡುವ ಪರೀಕ್ಷೆಗೆ ನಮ್ಮ ಕಡೆಯವರು ಹುಬ್ಬಳ್ಳಿ ಬಸ್ ಹತ್ತುತ್ತಾರೆ. ಒಂದು ದಿನದ ದುಡಿಮೆ ಹೋಗುತ್ತದೆ, ಆದರೂ ಹೋಗಿಬನ್ನಿ.

ಇಲಾಖೆಯವರಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ದೊಡ್ಡ ಜಾತ್ರೆಗಳಲ್ಲಿ ಆರೋಗ್ಯ ಇಲಾಖೆಯ ಟೆಂಟು ಇರುತ್ತದೆ, ಬಿ.ಪಿ., ಶುಗರ್ ನೋಡುತ್ತಾರೆ. ಶುಗರ್ ಇದ್ದವರ ಪಾದದಲ್ಲಿ ಸ್ಪರ್ಶ ಇದೆಯೋ ಇಲ್ಲವೋ ಎಂದು ನೋಡಲು ಒಂದು ಶ್ರುತಿಕವೆ ಮತ್ತು ಒಂದು ನೈಲಾನ್ ಎಳೆ ಬಳಸುತ್ತಾರೆ. ಅದೇ ಶ್ರುತಿಕವೆಯನ್ನು, ಅದೇ ಬಗೆಯ ಆದರೆ ಇನ್ನೂ ತೆಳುವಾದ ಎಳೆಯನ್ನು ಬೆರಳಿಗೆ ಹಿಡಿದರೆ ಐದು ನಿಮಿಷದ ಕೆಲಸ. ಬರುವ ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ, ಅದಾದ ಮೇಲೆ ಗವಿಮಠದ ಜಾತ್ರೆಯಲ್ಲಿ, ಆ ಟೆಂಟಿನಿಂದ ಒಬ್ಬರು ಎದ್ದು ಬಳೆ ಅಂಗಡಿ ಸಾಲಿನ ಆಚೆ ತಾಡಪತ್ರಿ ಹಾಸಿ ಕೂತವರ ಹತ್ತಿರ ಹೋಗಲಿ. ಹೆಸರು, ವಯಸ್ಸು ಬರೆದ ಮೇಲೆ ಮೂರನೇ ಕಾಲಂನಲ್ಲಿ ಕೆಲಸ ಏನು ಎಂದು ಬರೆಯಲಿ. ಯಾರು ಎಲ್ಲಿ ಕೂರುತ್ತಾರೆ ಎಂದು ತೋರಿಸಲು ನಾವು ಜೊತೆಗೆ ಬರುತ್ತೇವೆ.